ಬಚ್ಚಲ ಹಿಂದಿನ ಇರುವೆ ಸಾಲು

ನನಗೂ ಈಗ ಸಕ್ಕರೆ ಕಾಯಿಲೆ. ಈ ವಯಸ್ಸಿನವಳಿಗೆ ಇದೇನು ದೊಡ್ಡ ಸುದ್ದಿಯಲ್ಲ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಸಕ್ಕರೆ ಇಲ್ಲದವರನ್ನೇ ಹುಡುಕಬೇಕು. ಮೊನ್ನೆ ನನ್ನ ನಾದಿನಿ ಒಂದು ಪೊಟ್ಟಣ ತಂದುಕೊಟ್ಟಳು. ಮೇಲೆ ಎಲೆಯ ಚಿತ್ರ, ಒಳಗೆ ಒಣಗಿಸಿ ಪುಡಿ ಮಾಡಿದ ಹಿಪ್ಪುನೇರಳೆ ಸೊಪ್ಪು. "ಟೀ ಥರ ಕುಡೀರಿ ಅತ್ತಿಗೆ. ಆಂಟಿಆಕ್ಸಿಡೆಂಟ್ ಜಾಸ್ತಿ ಐತಂತೆ, ಶುಗರ್‌ಗೂ ಒಳ್ಳೇದಂತೆ, ತೂಕಾನೂ ಇಳೀತದಂತೆ" ಅಂದಳು. ಹುಳ ತಿನ್ನುತ್ತಿದ್ದದ್ದನ್ನು ನಾವು ಕುಡಿಯುವ ಕಾಲ ಬಂತಲ್ಲ ಅಂತ ನಕ್ಕು, ಲೋಟಕ್ಕೆ ಬಿಸಿನೀರು ಹುಯ್ದೆ. ಆವಿ ಎದ್ದು ಮೂಗಿಗೆ ಬಡಿಯಿತು. ಲೋಟ ಹಾಗೇ ಬಿಟ್ಟು ಹಿತ್ತಲ ಬಾಗಿಲಲ್ಲಿ ಹೋಗಿ ಕೂತುಬಿಟ್ಟೆ. ಅದು ಕೂಟಗಲ್ ಕಡೆಯ ನನ್ನ ತವರೂರಿನ ಹುಳದ ಮನೆಯ ವಾಸನೆ. ದೊಡ್ಡ ಹುಳ ಸೊಪ್ಪು ಮೇಯುವ ದಿನಗಳಲ್ಲಿ ನಮ್ಮ ಬಟ್ಟೆಗೆ, ಕೂದಲಿಗೆ, ಅನ್ನಕ್ಕೆ ಕೂಡ ಅದೇ ವಾಸನೆ ಇರುತ್ತಿತ್ತು. ಆ ವಾಸನೆಯ ಹಿಂದೆಯೇ ರತ್ನಕ್ಕ ಬಂದಳು.

ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ನಾನು ಏಳನೇ ಕ್ಲಾಸಿನಲ್ಲಿದ್ದೆ, ಅವಳು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಳು. ಬಿಡಿಸಿದ್ದು ಬಡತನವಲ್ಲ, ರೇಷ್ಮೆ. ಗೂಡಿನ ಬೆಲೆ ಏರುತ್ತಲೇ ಇದ್ದ ವರ್ಷಗಳು ಅವು. ಬಾವಿಯಲ್ಲಿ ನೀರಿದ್ದವರೆಲ್ಲ ಹಿಪ್ಪುನೇರಳೆ ನೆಟ್ಟರು. ರಾಗಿ ಹೊಲ ಹೋಯಿತು, ಅದರ ಸಾಲಿನಲ್ಲಿ ಬೆಳೆಯುತ್ತಿದ್ದ ಅವರೆ ಹೋಯಿತು, ಹಿತ್ತಲಲ್ಲಿದ್ದ ಕುಂಬಳ ಬಳ್ಳಿಯನ್ನೂ ಕಿತ್ತು ಕಡ್ಡಿ ಊರಿದರು. ಹುಲ್ಲಿನ ಸೂರು ಹಂಚಾದವು, ಮನೆಮನೆಗೆ ರೇಡಿಯೊ ಬಂತು, ನಮ್ಮ ಚಿಕ್ಕಪ್ಪ ಒಂದು ಮೊಪೆಡ್ ತಂದು ಮೊದಲ ದಿನವೇ ಬೇಲಿಗೆ ನುಗ್ಗಿಸಿದ. ಊರಿಗೆ ಊರೇ ಹಸಿರಾಗಿತ್ತು. ಆದರೆ ಸಾರಿಗೆ ಒಂದು ಹಿಡಿ ಬೆರಕೆ ಸೊಪ್ಪು ಬೇಕೆಂದರೆ ಅವ್ವ ಕೆರೆ ಏರಿಯವರೆಗೂ ನಡೆಯಬೇಕಿತ್ತು.

ಮನೆಯ ನಡುಮನೆಯೇ ಹುಳದ ಮನೆ. ನಾವು ಜಗುಲಿಯಲ್ಲೂ ಅಡುಗೆಮನೆಯ ಮೂಲೆಯಲ್ಲೂ ಮಲಗುತ್ತಿದ್ದೆವು. ಅಲ್ಲಿನ ಕಾನೂನೆಲ್ಲ ಅಜ್ಜಿಯದು, ಅಂದರೆ ನಮ್ಮಪ್ಪನ ಅವ್ವ ಕೆಂಪಜ್ಜಿಯದು. ಕಣ್ಣಿಗೆ ಪೊರೆ ಬಂದು ಅವಳಿಗೆ ಆಳು ಬಂದರೆ ಆಳು ಅಂತ ಕಾಣುತ್ತಿತ್ತೇ ಹೊರತು ಯಾರು ಅಂತ ಕಾಣುತ್ತಿರಲಿಲ್ಲ. ಆದರೆ ಅವಳ ಮೂಗು ಎಲ್ಲರ ಕಣ್ಣಿಗಿಂತ ಚುರುಕು. ಹುಳ ದೊಡ್ಡದಾಗುತ್ತಿದ್ದಂತೆ ಮನೆಯಲ್ಲಿ ಒಗ್ಗರಣೆ ನಿಲ್ಲಿಸುತ್ತಿದ್ದಳು. ಬೆಳ್ಳುಳ್ಳಿ ಇಲ್ಲ, ಒಣಮೆಣಸಿನಕಾಯಿ ಹುರಿಯುವಂತಿಲ್ಲ, ಹೂ ಮುಡಿಯುವಂತಿಲ್ಲ. ಅಪ್ಪ ಬೀಡಿ ಸೇದಬೇಕೆಂದರೆ ಊರ ಹೊರಗಿನ ಸೇತುವೆ ಹತ್ತಿರ ಹೋಗಿ, ಬಾಯಿ ತೊಳೆದು ಬರಬೇಕಿತ್ತು. ಹೊರಗಿನವರು ಹೊಸಿಲು ದಾಟುವಂತಿರಲಿಲ್ಲ. ತಟ್ಟೆ ಜೋಡಿಸಿದ ಅಟ್ಟಣಿಗೆಯ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ಇಡುತ್ತಿದ್ದರು, ಇರುವೆ ಹತ್ತದಿರಲಿ ಅಂತ. ಹುಳದ ಮನೆಗೆ ಇರುವೆಯಷ್ಟು ದೊಡ್ಡ ಶತ್ರು ಇನ್ನಿಲ್ಲ. ಸಾಲು ಒಮ್ಮೆ ತಟ್ಟೆಗೆ ಹತ್ತಿತೆಂದರೆ ಬೆಳೆ ಮುಗಿದ ಹಾಗೆ. ಬೆಳಿಗ್ಗೆ ಎದ್ದು ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ ಪ್ರತಿ ಬಟ್ಟಲಲ್ಲೂ ಬೆರಳು ಅದ್ದಿ ನೀರಿದೆಯಾ ಅಂತ ನೋಡುವುದು.

ಅಂಥಾ ಅಜ್ಜಿಗೆ ರತ್ನಕ್ಕನೇ ಕಣ್ಣು. ಹುಳ ಜ್ವರಕ್ಕೆ ಕೂತಿದೆಯಾ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ತಲೆ ಎತ್ತಿ ಕೂತಿದೆಯಾ, ಜ್ವರ ಬಿಟ್ಟು ಎದ್ದಿದೆಯಾ, ಯಾವ ತಟ್ಟೆಗೆ ಸೊಪ್ಪು ಸಾಲದು, ಎಲ್ಲವನ್ನೂ ಅಕ್ಕ ನೋಡಿ ಹೇಳಬೇಕು. ದುಂಡು ಮುಖ, ಗಟ್ಟಿ ತೋಳು. ಸೊಪ್ಪಿನ ದೊಡ್ಡ ಹೊರೆಯನ್ನು ತಲೆ ಮೇಲಿಟ್ಟುಕೊಂಡು, ಒಂದು ಕೈಯನ್ನು ಬೀಸುತ್ತ ಬರುತ್ತಿದ್ದಳು. "ಇವಳ್ನ ಕಟ್ಕೊಳ್ಳೋನು ಪುಣ್ಯವಂತ ಕಣಣ್ಣ, ಎತ್ತು ಕೊಳ್ಳೋ ಕೆಲ್ಸ ಇರಲ್ಲ" ಅಂತ ಚಿಕ್ಕಪ್ಪ ಅಪ್ಪನನ್ನು ಚುಡಾಯಿಸಿದರೆ, ಅಕ್ಕ ಹೊರೆ ಇಳಿಸಿ ಅವನ ಮೇಲೆ ಒಂದು ಕಡ್ಡಿ ಎಸೆಯುತ್ತಿದ್ದಳು.

ಆ ವರ್ಷ ಆಷಾಢದ ಗಾಳಿಯ ಹೊತ್ತಿಗೆ ಬೆಂಗಳೂರಿನ ಕಾಲೇಜೊಂದರಿಂದ ಒಬ್ಬ ಮೇಡಂ ನಮ್ಮೂರಿಗೆ ಬರತೊಡಗಿದರು. ವಾರಕ್ಕೊಮ್ಮೆ ಬಸ್ಸಿಳಿದು, ಹೆಗಲಿಗೊಂದು ಚೀಲ, ಕೈಯಲ್ಲೊಂದು ತೂಕದ ಮಿಷನ್ನು. ಸ್ಕೂಲಿನ ಜಗುಲಿಯ ಮೇಲೆ ಮಿಷನ್ ಇಟ್ಟು, ಮೈ ನೆರೆದ ಮತ್ತು ನೆರೆಯುವ ವಯಸ್ಸಿನ ಹುಡುಗಿಯರನ್ನೆಲ್ಲ ಹತ್ತಿಸಿ ತೂಕ ಬರೆದುಕೊಳ್ಳುತ್ತಿದ್ದರು. ಊರವರಿಗೆ ಅವರು 'ತೂಕದ ಮೇಡಮ್ಮ' ಆದರು. ಅಜ್ಜಿಗೆ ನಗುವೋ ನಗು. "ಗೂಡು ತೂಗೋದು ಗೊತ್ತಿತ್ತು, ಹೆಣ್ಮಕ್ಕಳನ್ನ ತೂಗೋದು ಈಗ್ಲೇ ಕೇಳಿದ್ದು. ಮಾರ್ಕೆಟ್ಟಿಗೆ ಹಾಕ್ತೀಯೇನವ್ವ?" ಅಂತ ಕೇಳಿದ್ದಳು. ಮೇಡಂ ಕೂಡ ನಕ್ಕರು.

ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಮೈಯೊಳಗೂ ಒಂದು ಬಗೆಯ ತುಕ್ಕು ಹಿಡಿಯುತ್ತದಂತೆ. ಸೊಪ್ಪಿನ ಹಸಿರಿನಲ್ಲಿ, ನೇರಳೆ ಹಣ್ಣಿನ ಕಪ್ಪಿನಲ್ಲಿ, ರಾಗಿಯ ಕೆಂಪು ಸಿಪ್ಪೆಯಲ್ಲಿ ಅದನ್ನು ತಡೆಯುವ ಗುಣ ಇರುತ್ತದಂತೆ. ಅದಕ್ಕೆ ಆಂಟಿಆಕ್ಸಿಡೆಂಟ್ ಅನ್ನುತ್ತಾರೆ ಅಂದರು. ನಾವು ಆ ಪದವನ್ನು ಹೇಳಲು ಹೋಗಿ ನಾಲಿಗೆ ತೊಡರಿ ಬಿದ್ದೂ ಬಿದ್ದೂ ನಕ್ಕೆವು. ಬೆಳೆಯುವ ಹುಡುಗಿಯರು ಇವನ್ನು ದಿನಾ ತಿಂದರೆ ತೂಕ, ರಕ್ತ ಎಷ್ಟು ಸುಧಾರಿಸುತ್ತದೆ ಅಂತ ನೋಡುವುದು ಅವರ ಸಂಶೋಧನೆ. ಅದಕ್ಕೆಂದೇ ನುಗ್ಗೆಸೊಪ್ಪಿನ ಪುಡಿ, ಹುರಿದ ರಾಗಿ ಹಿಟ್ಟು, ಕಡ್ಲೇಕಾಯಿ ಬೀಜ, ಬೆಲ್ಲ ಸೇರಿಸಿದ ಉಂಡೆಗಳನ್ನು ಡಬ್ಬಿಯಲ್ಲಿ ತುಂಬಿ ತರುತ್ತಿದ್ದರು. ಹಸಿರು ಮಿಶ್ರಿತ ಕಂದು ಬಣ್ಣ, ನೋಡಲು ಚೆನ್ನಾಗಿರಲಿಲ್ಲ, ತಿನ್ನಲು ಚೆನ್ನಾಗಿತ್ತು. ದಿನಕ್ಕೊಂದು ಅಂತ ಎಣಿಸಿ ಕೊಟ್ಟದ್ದನ್ನು ನಾನು ಎರಡೇ ದಿನಕ್ಕೆ ಮುಗಿಸುತ್ತಿದ್ದೆ. ಅಕ್ಕ ತನ್ನದರಲ್ಲಿ ಮುರಿದು ಕೊಡುತ್ತಿದ್ದಳು.

ಗೌರಿ ಹಬ್ಬದ ಹಿಂದಿನ ಬೆಳೆಯಲ್ಲಿ ಎಲ್ಲ ಹುಡುಗಿಯರ ತೂಕವೂ ಇಳಿಯಿತು. ಮೇಡಂ ಗಾಬರಿಯಾದರು. ಆಮೇಲೆ ಅವರಿಗೇ ಅರ್ಥವಾಯಿತು. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳಕ್ಕೆ ಹಗಲೂ ರಾತ್ರಿ ಮೇವು ಬೇಕು, ಸೊಪ್ಪು ಹೊರುವವರು ನಾವೇ, ಮನೆಯಲ್ಲಿ ಒಗ್ಗರಣೆ ಇಲ್ಲದ ಸಪ್ಪೆ ಊಟ. ಹುಳ ದಪ್ಪಗಾಗುವ ವಾರವೇ ಹುಡುಗಿಯರು ಸೊರಗುವ ವಾರ. ಬೆಳೆ ಮುಗಿದ ಮೇಲೆ ಮತ್ತೆ ತೂಗಿದಾಗ ಎಲ್ಲರ ಮುಳ್ಳೂ ಮೇಲೇರಿತು. ರತ್ನಕ್ಕನದು ಇನ್ನೂ ಕೆಳಗೆ ಹೋಗಿತ್ತು. ಮೇಡಂ ಅವಳನ್ನು ಇಳಿಸಿ ಮತ್ತೆ ಹತ್ತಿಸಿದರು. "ಉಂಡೆ ತಿಂತಿದ್ದೀಯಾ ತಾನೆ?" ಅಂದರು. "ಹೂ ಮೇಡಂ, ಉಂಡೆನೂ ತಿಂತೀನಿ, ಎಲ್ಲಾರ್ಗಿಂತ ಜಾಸ್ತಿ ಮುದ್ದೆನೂ ತಿಂತೀನಿ" ಅಂದಳು ಅಕ್ಕ. ಸುಳ್ಳಲ್ಲ. ಆ ದಿನಗಳಲ್ಲಿ ಅವಳಿಗೆ ಎಷ್ಟು ಉಂಡರೂ ಹಸಿವು, ಎಷ್ಟು ಕುಡಿದರೂ ದಾಹ. ಚೊಂಬು ಹಿಡಿದುಕೊಂಡೇ ಓಡಾಡುವಳು. ಹುಳದ ಮನೆಯೊಳಗೂ ಚೊಂಬು ತಂದಳು ಅಂತ ಅಜ್ಜಿ ರೇಗಿದಳು. ಸೊಪ್ಪಿನ ಮೇಲೆ ನೀರು ಚೆಲ್ಲಿದರೆ ಹುಳಕ್ಕೆ ರೋಗ ಬರುತ್ತದೆ, ಅವಳ ಚಿಂತೆ ಅದು.

ಮಹಾಲಯ ಅಮಾವಾಸ್ಯೆ ಕಳೆದು ಮುಂದಿನ ಬೆಳೆ ಹತ್ತಿತು. ಒಂದು ಬೆಳಿಗ್ಗೆ ಬಚ್ಚಲ ಹಿಂದೆ, ನಾವು ಹೆಣ್ಣುಮಕ್ಕಳು ಒಂದಕ್ಕೆ ಹೋಗುತ್ತಿದ್ದ ಚಪ್ಪಡಿ ಕಲ್ಲಿನ ಹತ್ತಿರ, ದಪ್ಪ ಇರುವೆ ಸಾಲು ಕಂಡೆ. ಕಲ್ಲಿನ ಸುತ್ತ ಮುತ್ತಿಕೊಂಡಿದ್ದವು. ಹುಳದ ಮನೆಯ ಮಕ್ಕಳಿಗೆ ಇರುವೆ ಕಂಡರೆ ಕೂಗಬೇಕೆಂದು ಹಾಲು ಕುಡಿಯುವಾಗಲೇ ಕಲಿಸಿರುತ್ತಾರೆ. ನಾನು ಕೂಗಿದೆ. ಅಜ್ಜಿ ಗೋಡೆ ಹಿಡಿದುಕೊಂಡು ಓಡೋಡಿ ಬಂದಳು.

"ಎಲ್ಲಮ್ಮಿ? ಎಷ್ಟು ದೂರಕ್ಕೆ ಐತೆ ಸಾಲು?"

"ಬಚ್ಚಲ ಗೋಡೆವರ್ಗೂ ಬಂದವೆ ಕಣಜ್ಜಿ."

ಅಜ್ಜಿ ತೀರ್ಪು ಕೊಟ್ಟಳು. "ಆ ಮೇಡಮ್ಮನ ಬೆಲ್ಲದುಂಡೆ. ತಿಂದ್ಬುಟ್ಟು ಕೈ ತೊಳೆಯೋಕೆ ಇಲ್ಲಿಗೆ ಬತ್ತೀರಿ, ಬೆಲ್ಲದ ನೀರು ಬಿದ್ದೈತೆ. ಇವತ್ತಿಂದ ಈ ಮನೆ ಒಳಕ್ಕೆ ಉಂಡೆ ಬರ್ಕೂಡ್ದು." ಕುದಿಯುವ ನೀರು ಹುಯ್ಯಿಸಿದಳು, ಒಲೆಯ ಬೂದಿ ಸುರಿಸಿದಳು. ನಾವು ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟೆವು. ಮಾರನೇ ದಿನ ಬೂದಿಯನ್ನು ಸುತ್ತಿಬಳಸಿ ಇರುವೆ ಮತ್ತೆ ಬಂದವು. ಅದರ ಮಾರನೇ ದಿನವೂ ಬಂದವು. ಅಜ್ಜಿಗೆ ಅನುಮಾನ ಶುರುವಾಯಿತು. ಯಾವಾಗ ನೋಡಿದರೂ ಹಸಿವು ಅನ್ನುವವಳು ಮನೆಯಲ್ಲಿ ಒಬ್ಬಳೇ.

"ಕದ್ದು ತಿಂತಿದ್ದೀಯೇನೇ ರತ್ನಿ?"

"ನಿನ್ನಾಣೆ ಇಲ್ಲ ಕಣಜ್ಜಿ."

"ಸುಳ್ಳು ಹೇಳ್ಬ್ಯಾಡ. ಇರುವೆ ಸುಮ್ಸುಮ್ಕೆ ಬತ್ತಾವ?"

ಅಕ್ಕ ಅತ್ತಳು. ಅವಳು ಅಳುವವಳೇ ಅಲ್ಲ, ಕುಡುಗೋಲು ತಾಗಿ ಬೆರಳು ಸೀಳಿದಾಗಲೂ ಅತ್ತಿರಲಿಲ್ಲ. ಆ ಹೊತ್ತಿಗೆ ಅವಳ ಕುಪ್ಪಸದ ತೋಳು ಸಡಿಲವಾಗಿ, ಕೈ ಎತ್ತಿದರೆ ಭುಜದವರೆಗೆ ಜಾರುತ್ತಿತ್ತು. ಅವ್ವ ಅದನ್ನು ನೋಡಿದ್ದಳು. ಹುಳದ ಕೆಲಸ ಅಂದುಕೊಂಡಳು. ಯಾಕಂದರೆ ಆ ವಾರ ಅವ್ವನ ಕುಪ್ಪಸವೂ ಸಡಿಲವಾಗಿತ್ತು.

ಮೇಡಂ ಆ ಸಲ ಬಂದಾಗ ಅಕ್ಕ ಸ್ಕೂಲಿನ ಹತ್ತಿರ ಹೋಗಲೇ ಇಲ್ಲ, ಹುಳ ದೊಡ್ಡದಿತ್ತು. ಮೇಡಮ್ಮನೇ ನಮ್ಮ ಮನೆ ಹುಡುಕಿಕೊಂಡು ಬಂದರು. ಅಜ್ಜಿ ಹೊಸಿಲಿಗೆ ಅಡ್ಡ ನಿಂತಳು. ಹಿಂದಿನ ವರ್ಷ ಸೋಪಿನ ವಾಸನೆಯ ನೆಂಟರು ಒಳಗೆ ಬಂದ ಮೇಲೆ ಒಂದಿಡೀ ಬೆಳೆ ಕಪ್ಪಾಗಿ ಸತ್ತುಹೋಗಿತ್ತು, ಅದನ್ನು ಮರೆಯಲು ಅವಳಿಂದ ಆಗುತ್ತಿರಲಿಲ್ಲ. ಮೇಡಂ ಬೀದಿಯಲ್ಲೇ ನಿಂತು ಅಕ್ಕನನ್ನು ಹೊರಗೆ ಕರೆಸಿದರು. ನೋಡಿದ ಕೂಡಲೇ ಅವರ ಮುಖ ಇಳಿಯಿತು.

"ಅಜ್ಜಿ, ಇದು ಕೆಲಸದ ಸುಸ್ತಲ್ಲ. ಏನೋ ಕಾಯಿಲೆ ಇದೆ. ನನ್ನ ಜೊತೆ ಇವತ್ತೇ ರಾಮನಗರದ ಆಸ್ಪತ್ರೆಗೆ ಕಳಿಸಿ. ನಾನೇ ತೋರಿಸಿ, ಸಂಜೆ ಬಸ್ಸಿಗೆ ಕರೆತಂದು ಬಿಡ್ತೀನಿ."

"ಆಸ್ಪತ್ರೆಗೆ ಹೋದೋಳು ಆ ವಾಸ್ನೆ ಹೊತ್ಕೊಂಡು ಒಳಕ್ಕೆ ಹೆಂಗವ್ವ ಬರೋದು? ಇವಳಿಲ್ದೆ ನಂಗೆ ಹುಳ ಕಾಣಾಕಿಲ್ಲ. ಒಸಿ ತಡಿ ತಾಯಿ, ಹುಳ ಹಣ್ಣಾಗಿ ಗೂಡು ಕಟ್ಲಿ. ಹೆಂಗೂ ಗೂಡು ತಕ್ಕೊಂಡು ರಾಮನಗರಕ್ಕೆ ಹೋಗ್ತಾರೆ, ಅವತ್ತೇ ತೋರಿಸ್ತಾರೆ."

ಮೇಡಂ ಅಕ್ಕನ ಕಡೆ ತಿರುಗಿದರು. ನನಗೆ ಇವತ್ತಿಗೂ ಅನ್ನಿಸುತ್ತದೆ, ಅಕ್ಕ ಒಂದು ಹೆಜ್ಜೆ ಬೀದಿಗೆ ಇಟ್ಟಿದ್ದರೆ ಸಾಕಿತ್ತು. ಆದರೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹುಳ ಬಿಟ್ಟು ಹೆಂಗೆ ಬರ್ಲಿ ಮೇಡಂ, ನಾಳೆ ನಾಡಿದ್ದರಲ್ಲಿ ಹಣ್ಣಾಗ್ತಾವೆ" ಅಂದಳು. ಅಪ್ಪ ಆ ಬೆಳೆಯನ್ನು ಪೂರ್ತಿ ಅವಳ ಕೈಗೆ ಬಿಟ್ಟಿದ್ದ. ಇದು ರತ್ನನ ಬೆಳೆ ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಬೇರೆಯವರ ಕೈಗೆ ಕೊಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಮೇಡಂ ಹೋಗುವಾಗ ಎರಡು ಸಲ ತಿರುಗಿ ನೋಡಿದರು.

ಹುಳ ಹಣ್ಣಾದವು. ಮೈ ಹಳದಿ ತಿರುಗಿ, ಮೇವು ಬಿಟ್ಟು ತಲೆ ಆಡಿಸತೊಡಗಿದವು. ಅಂಥವನ್ನು ಒಂದೊಂದಾಗಿ ಆಯ್ದು ಬಿದಿರಿನ ಚಂದ್ರಂಕಿಗೆ ಬಿಡಬೇಕು, ಅವು ಅಲ್ಲಿ ಗೂಡು ಕಟ್ಟುತ್ತವೆ. ಅಕ್ಕ ಕೂತಲ್ಲೇ ಕೂತು ಆಯ್ದಳು, ನಿಲ್ಲಲು ಆಗುತ್ತಿರಲಿಲ್ಲ. ಅಜ್ಜಿ ಪಕ್ಕದಲ್ಲೇ ಕೂತಿದ್ದವಳು ತಟ್ಟನೆ ಮೂಗು ಎತ್ತಿದಳು.

"ಯಾವ ಹಣ್ಣು ತಿಂದ್ಯೆ?"

"ಯಾವ್ದೂ ಇಲ್ಲ ಅಜ್ಜಿ."

"ನಿನ್ ಬಾಯಲ್ಲಿ ಕೊಳೆತ ಹಣ್ಣಿನ ವಾಸ್ನೆ ಬತ್ತಾ ಐತೆ. ಹೋಗು, ಉಪ್ಪು ಹಾಕ್ಕೊಂಡು ಬಾಯಿ ಮುಕ್ಕಳಿಸಿ ಬಾ."

ಅಕ್ಕ ಗೋಡೆ ಹಿಡಿದುಕೊಂಡು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಬಂದು ಉಳಿದ ಹುಳ ಆಯ್ದಳು. ಆಮೇಲಿನ ದಿನಗಳಲ್ಲಿ ಮಲಗಿಯೇ ಇದ್ದಳು. ಅವ್ವ ದೃಷ್ಟಿ ತೆಗೆದಳು, ಗಂಜಿ ಕುಡಿಸಿದಳು. ಗೂಡು ಬಿಡಿಸುವ ದಿನ ಬರಲೆಂದು ಎಲ್ಲರೂ ಕಾಯುತ್ತಿದ್ದೆವು, ಅವಳಿಗಾಗಿಯೂ ಗೂಡಿಗಾಗಿಯೂ. ಆ ದಿನ ಬೆಳಗಾಗುವ ಹೊತ್ತಿಗೆ ಅವಳಿಗೆ ವಾಂತಿ ಹತ್ತಿತು. ಓಡಿ ಬಂದವಳಂತೆ ಉಸಿರು ಎಳೆಯುತ್ತಿದ್ದಳು.

ಗೂಡಿಗೆಂದು ಹೇಳಿದ್ದ ಟೆಂಪೋದಲ್ಲೇ ಅವಳನ್ನು ಕರೆದುಕೊಂಡು ಹೊರಟೆವು. ಮಲಗಿಸಲು ಬೇರೆ ಜಾಗವಿರಲಿಲ್ಲ, ಗೂಡಿನ ಚೀಲಗಳ ಮೇಲೆಯೇ ಮಲಗಿಸಿದರು. ತಲೆ ಅವ್ವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಹಳದಿ ಗೂಡು, ಅಷ್ಟು ಚೆಂದದ ಬೆಳೆ ನಮ್ಮ ಮನೆಯಲ್ಲಿ ಹಿಂದೆ ಬಂದಿರಲಿಲ್ಲ. ದಾರಿಯುದ್ದಕ್ಕೂ ಅಕ್ಕ ನೀರು ಕೇಳಿದಳು. ಒಮ್ಮೆ ಕಣ್ಣು ಬಿಟ್ಟು, ತನ್ನ ಕೆಳಗೆ ಇರುವುದೇನೆಂದು ಕೈಯಿಂದ ಮುಟ್ಟಿ ನೋಡಿಕೊಂಡಳು.

"ನನ್ನ ಕೂರ್ಸವ್ವ. ಗೂಡು ಅಮುಕ್ಹೋಗ್ತಾವೆ."

"ಮಲಕ್ಕೊ ಮಗ. ಏನೂ ಆಗಾಕಿಲ್ಲ" ಅಂದಳು ಅವ್ವ.

ಅಕ್ಕನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಆ ಗೂಡಿನದೇ. ಆಸ್ಪತ್ರೆಯ ಡಾಕ್ಟರು ಬಗ್ಗಿ ಅವಳ ಉಸಿರು ಮೂಸಿದರು, ರಕ್ತ ತೆಗೆಸಿದರು. ಸಕ್ಕರೆ ಕಾಯಿಲೆ, ವಿಪರೀತಕ್ಕೆ ಹೋಗಿದೆ ಅಂದರು. ಅವ್ವ ನಂಬಲಿಲ್ಲ. "ಸಕ್ರೆ ಡಬ್ಬಿನೇ ಇಲ್ಲದ ಮನೆ ಕಣ್ಸಾಮಿ ನಮ್ದು, ಕಾಪಿಗೂ ಬೆಲ್ಲ ಹಾಕೋದು. ಅದು ಮುದುಕ್ರಿಗೆ ಬರೋ ಕಾಯಿಲೆ ಅಲ್ವಾ?" ಅಂತ ಕೈಮುಗಿದು ಕೇಳಿದಳು. ಡಾಕ್ಟರು ಸೂಜಿ ಚುಚ್ಚಿಸಿದರು, ಬಾಟಲಿ ಹಾಕಿಸಿದರು, ಕೈಲಾದದ್ದೆಲ್ಲ ಮಾಡಿದರು. ತಡವಾಗಿತ್ತು. ಬೆಂಗಳೂರಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ರತ್ನಕ್ಕ ಹೋಗಿಬಿಟ್ಟಿದ್ದಳು.

ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ, ಒಳಗಿನಿಂದ ಚಿಟ್ಟೆ ಕೊರೆದುಕೊಂಡು ಬಂದರೆ ನೂಲು ಹಾಳು. ಅಪ್ಪ ಅಕ್ಕನ ಹತ್ತಿರ ಉಳಿದ, ಚಿಕ್ಕಪ್ಪ ಚೀಲಗಳನ್ನು ಮಾರ್ಕೆಟ್ಟಿಗೆ ಸಾಗಿಸಿದ. ಕೊಳ್ಳುವವರು ಚೀಲದೊಳಕ್ಕೆ ಕೈ ಹಾಕಿ, ಬೊಗಸೆಯಲ್ಲಿ ಎತ್ತಿ ನೋಡಿ, ಎಲ್ಲಿಂದ ತಂದೆಯಪ್ಪ ಇಂಥಾ ಗೂಡು ಅಂದರಂತೆ. ಅಷ್ಟು ದೂರ ಒಬ್ಬಳು ಮೇಲೆ ಮಲಗಿ ಬಂದಿದ್ದರೂ ಒಂದು ಗೂಡೂ ಅಮುಕಿರಲಿಲ್ಲ. ಚಿಕ್ಕಪ್ಪ ಅಲ್ಲೇ, ಆ ಜನಜಂಗುಳಿಯ ನಡುವೆ ಕುಕ್ಕರಗಾಲಲ್ಲಿ ಕೂತು ಅತ್ತನಂತೆ.

ತಿಥಿ ಕಳೆದ ಮೇಲೆ ಮೇಡಂ ಬಂದರು. ಹುಳದ ಮನೆ ಖಾಲಿ ಇತ್ತು. ಮೊದಲನೇ ಸಲ ಅವರನ್ನು ಒಳಗೆ ಕರೆದು, ಬರಿದಾದ ಅಟ್ಟಣಿಗೆಯ ಪಕ್ಕ ಚಾಪೆ ಹಾಕಿ ಕೂರಿಸಿದೆವು. ಯಾವಾಗಿನಿಂದ ಸೊರಗಿದಳು, ಏನು ತಿನ್ನುತ್ತಿದ್ದಳು ಅಂತ ಮೆಲ್ಲಗೆ ಕೇಳಿದರು. ಅವ್ವ ಹಸಿವು ಹೇಳಿದಳು, ದಾಹ ಹೇಳಿದಳು. ನಾನು ಇರುವೆ ಹೇಳಿದೆ. ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬಚ್ಚಲ ಹಿಂದೆನಾ? ಅವಳು ಒಂದಕ್ಕೆ ಕೂರ್ತಿದ್ದ ಜಾಗದಲ್ಲಾ?"

ಹೌದು ಅಂದೆ. ಆಗ ಅವರು ಹೇಳಿದರು. ಈ ಕಾಯಿಲೆಯಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ, ಸಿಹಿಯಾಗಿ ಉಚ್ಚೆಯಲ್ಲಿ ಹೊರಟುಹೋಗುತ್ತದೆ, ಆ ಸಿಹಿಗೇ ಇರುವೆ ಮುತ್ತುತ್ತವೆ, ಕೊನೆಗೆ ಉಸಿರಿಗೆ ಕೂಡ ಹಣ್ಣಿನ ವಾಸನೆ ಬರುತ್ತದೆ. ದಿನಾ ಒಂದು ಇಂಜೆಕ್ಷನ್ ಸಿಕ್ಕಿದ್ದರೆ ಬದುಕುತ್ತಿದ್ದಳು. "ನಾನು ಇಡೀ ಊರನ್ನ ತೂಗಿದೆ, ಇದೊಂದು ಕೇಳಲಿಲ್ಲ" ಅಂದು ಅತ್ತುಬಿಟ್ಟರು. ಅವರ ಉಂಡೆ ಕೆಲಸ ಮಾಡಿತ್ತು. ನನ್ನದೂ ಸೇರಿ ಬೇರೆ ಹುಡುಗಿಯರ ತೂಕವೆಲ್ಲ ಏರಿತ್ತು. ಅದನ್ನು ಹೇಳಲು ಅವರಿಗೆ ಆ ದಿನ ಬಾಯಿ ಬರಲಿಲ್ಲ, ನನಗೆ ಗೊತ್ತಾದದ್ದು ಆಮೇಲೆ.

ಅಜ್ಜಿ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮ ಹುಳದ ಮನೆಗೆ ಎಲ್ಲ ಗೊತ್ತಾಗಿತ್ತು. ಇರುವೆ ಕಂಡಿತ್ತು, ವಾಸನೆ ಹತ್ತಿತ್ತು. ಊರಿನ ಬೇರೆ ಯಾವ ಮನೆಯಲ್ಲೂ ಅಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಅದೆಲ್ಲ ಹುಳಕ್ಕೆ ಏನಾದೀತೋ ಅನ್ನುವ ಭಯದಲ್ಲಿ ಗೊತ್ತಾಗಿತ್ತು, ಅಷ್ಟೇ. ಅಜ್ಜಿ ಯಾರಿಗೂ ಅಲ್ಲದ ಹಾಗೆ, "ನಂಗೆ ಇರುವೆ ಗೊತ್ತಾಯ್ತು ಕಣವ್ವ. ಕೂಸು ಗೊತ್ತಾಗ್ಲಿಲ್ಲ" ಅಂದಳು.

ಮೇಡಂ ಬಸ್ಸಿಗೆ ಹೋದ ಮೇಲೆ ಅಜ್ಜಿ ನನ್ನ ಭುಜ ಹಿಡಿದುಕೊಂಡು ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋಗು ಅಂದಳು. ಕರೆದುಕೊಂಡು ಹೋದೆ.

"ನೋಡಮ್ಮಿ, ಇರುವೆ ಅವಾ?"

"ಇಲ್ಲ ಅಜ್ಜಿ."

"ಸರ್ಯಾಗಿ ನೋಡು. ಕಲ್ಲಿನ ಸಂದೀಲಿ ನೋಡು. ಒಂದಾದ್ರೂ ಇರ್ಬೇಕು."

ನಾನು ಮಂಡಿಯೂರಿ ನೋಡಿದೆ. ನೆಲ ಒಣಗಿತ್ತು, ನಾವು ಸುರಿದಿದ್ದ ಬೂದಿ ಹಾಗೇ ಗಟ್ಟಿಯಾಗಿ ಕೂತಿತ್ತು.

"ಒಂದೂ ಇಲ್ಲ ಕಣಜ್ಜಿ."

ಅಜ್ಜಿ ನನ್ನ ಭುಜ ಬಿಟ್ಟು ಅಲ್ಲೇ ಕೂತಳು. ಅಂಗೈಯಿಂದ ಆ ಚಪ್ಪಡಿ ಕಲ್ಲನ್ನು ಒಮ್ಮೆ ಉದ್ದಕ್ಕೂ ಸವರಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ತೆಗೆದು, ತಡವಿ ತಡವಿ ಕಲ್ಲಿನ ಮೇಲೆ ಇಟ್ಟಳು.